ಹತ್ತರಲ್ಲೊಂದು ಕಾಯಿ

ತೆಂಗಿನಕಾಯಿ ಹಣ್ಣಿನ ಲೆಕ್ಕಕ್ಕೆ ಸೇರಿದ್ದೋ, ಕಾಳಿನ ಲೆಕ್ಕಕ್ಕೆ ಸೇರಿದ್ದೋ? ಕಂದಿಕೆರೆಯ ಅರಳಿಕಟ್ಟೆಯ ಮೇಲೆ ಕೂತು ಈ ಪ್ರಶ್ನೆ ಎತ್ತಿದರೆ, ಕೊಬ್ಬರಿ ರೇಟು ಬಿದ್ದು ಪಾಪ ಇವನಿಗೆ ತಲೆ ಕೆಟ್ಟಿದೆ ಎಂದು ಪಕ್ಕದವರು ಎದ್ದು ಹೋದಾರು. ನಮ್ಮ ಮನೆಯಲ್ಲಿ ಮಾತ್ರ ಕಾಯಿ ಕೆಡವಿಸಿದಾಗಲೆಲ್ಲ ಇದು ತಪ್ಪದೆ ಏಳುತ್ತಿತ್ತು. ಎಬ್ಬಿಸುತ್ತಿದ್ದವರು ನಮ್ಮ ದಾದಾ, ಅಂದರೆ ಅಬ್ಬಾನ ಅಪ್ಪ. ಅವರಿಗೆ ಉತ್ತರ ಗೊತ್ತಿತ್ತು. ಆದರೂ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಗುಡ್ಡೆ ಹಾಕಿದ ಕಾಯಿ ನೋಡುತ್ತ, ಹೊಸದಾಗಿ ಕೇಳುವವರ ಹಾಗೆ ಕೇಳಿ, ತಾವೇ ವಾದಿ ತಾವೇ ಪ್ರತಿವಾದಿಯಾಗಿ, ಕೊನೆಗೆ ತಾವೇ ತೀರ್ಪು ಕೊಟ್ಟು ಎದ್ದರೆ ಅವರಿಗೊಂದು ಸಮಾಧಾನ.

ಸಾಹಿತ್ಯ ಓದಿದವರಿಗೆ ಕಂದಿಕೆರೆ ಎಂದರೆ ಮದಲಿಂಗನ ಕಣಿವೆ. ಆ ಕಥೆಯನ್ನು ಮಾಸ್ತಿಯವರು ಕಾವ್ಯ ಮಾಡಿದ್ದಾರೆ. ಮಿಕ್ಕವರಿಗೆ ಇದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಒಂದು ಹೋಬಳಿ ಊರು, ತೆಂಗಿನ ಸೀಮೆ, ಅಷ್ಟೆ. ಮಗಳ ಮದುವೆ ಗೊತ್ತಾಗುವುದು, ಸೊಸೈಟಿ ಸಾಲ ತೀರುವುದು, ಒಬ್ಬರು ತಿರುಪತಿಗೆ ಹೊರಡುವುದು, ಇನ್ನೊಬ್ಬರು ಹಜ್‌ಗೆ ಅರ್ಜಿ ಹಾಕುವುದು ಎಲ್ಲವೂ ಇಲ್ಲಿ ತಿಪಟೂರಿನ ಕೊಬ್ಬರಿ ಹರಾಜಿನ ಮೇಲೆ ನಿಂತಿವೆ. ಹಜ್ ಕಡ್ಡಾಯವಾಗುವುದು ಕೈಲಾದವರಿಗೆ ಮಾತ್ರ ಎಂಬ ನಿಯಮವಿದೆಯಲ್ಲ, ನಮ್ಮ ಕಡೆ ಆ ಕೈಲಾಗುವಿಕೆಯನ್ನು ಕ್ವಿಂಟಲ್ ಲೆಕ್ಕದಲ್ಲಿ ಅಳೆಯುತ್ತಾರೆ.

ದಾದಾನ ತಲೆಬಿಸಿ ಹಜ್ ಅಲ್ಲ, ಉಶ್ರ್. ನೆಲ ಕೊಟ್ಟ ಬೆಳೆಯಲ್ಲಿ ಬಡವರಿಗೆ ಸಲ್ಲಬೇಕಾದ ಪಾಲು ಅದು. ಮಳೆ ನಂಬಿ ಬೆಳೆದದ್ದಾದರೆ ಹತ್ತರಲ್ಲೊಂದು. ನೀರೆತ್ತಿ ಹಾಯಿಸಿ ಬೆಳೆದದ್ದಾದರೆ ಇಪ್ಪತ್ತರಲ್ಲೊಂದು. ಹಿಂದೂಸ್ತಾನದ ಜಮೀನಿಗೆ ಉಶ್ರ್ ಅನ್ವಯಿಸುತ್ತದೆಯೋ ಇಲ್ಲವೋ ಎಂದು ಉಲೇಮಾಗಳು ಬಹಳ ಕಾಲದಿಂದ ಗ್ರಂಥ ತುಂಬ ವಾದ ಮಾಡಿದ್ದಾರೆ. ದಾದಾ ಆ ವಾದಕ್ಕೆ ಹೋಗುತ್ತಿರಲಿಲ್ಲ. "ಕೊಡೋದು ಬೇಡ ಅನ್ನೋಕೆ ಕಾರಣ ಹುಡುಕೋನಿಗೆ ಯಾವತ್ತೂ ಕಾರಣ ಸಿಗುತ್ತೆ" ಎಂದು ಅದನ್ನು ಅಲ್ಲಿಗೇ ಬಿಟ್ಟು, ತಮಗೆ ಇಷ್ಟವಾದ ಇನ್ನೊಂದು ವಾದಕ್ಕೆ ಇಳಿಯುತ್ತಿದ್ದರು. ಅದು ಇರಾಕಿನ ಕೂಫಾ ಪಟ್ಟಣದ್ದು. ಅಲ್ಲಿ ರೇಷ್ಮೆ ಬಟ್ಟೆಯ ವ್ಯಾಪಾರ ಮಾಡಿಕೊಂಡಿದ್ದ ಇಮಾಮ್ ಅಬೂ ಹನೀಫಾ, 767ರಲ್ಲಿ ತೀರಿಕೊಂಡವರು, ನೆಲದಲ್ಲಿ ಬೆಳೆದದ್ದು ಕಡಿಮೆಯಿರಲಿ ಜಾಸ್ತಿಯಿರಲಿ ಪಾಲು ಕೊಡಬೇಕು ಎಂದರು. ಬಿಟ್ಟದ್ದು ಸೌದೆ, ಹುಲ್ಲು, ಜೊಂಡು ಇಷ್ಟನ್ನೇ. ಅವರ ಕೈಯಲ್ಲೇ ಕಲಿತ ಅಬೂ ಯೂಸುಫ್ ಮತ್ತು ಮುಹಮ್ಮದ್ ಇಬ್ಬರೂ ಗುರುವಿನ ಮಾತಿಗೆ ಅಡ್ಡ ಬಂದರು. ಒಂದು ವರ್ಷ ಕೆಡದೆ ಉಳಿಯುವಂಥ ಬೆಳೆಗೆ ಮಾತ್ರ ಉಶ್ರ್, ಅದೂ ಐದು ವಸ್ಕ್ ಎಂಬ ಅಳತೆ ತುಂಬಿದರೆ ಮಾತ್ರ ಎಂದರು.

ಕೂಫಾದಲ್ಲಿ ಇದ್ದದ್ದು ಖರ್ಜೂರದ ತೋಟ. ತೆಂಗು ಅಲ್ಲಿ ಬರುವ ಮರವಲ್ಲ. ಹಾಗಾಗಿ ಗುರು ಶಿಷ್ಯರ ಈ ಜಗಳವನ್ನು ತೆಂಗಿಗೆ ಹೊಂದಿಸುವ ಕೆಲಸ ಕಂದಿಕೆರೆಯ ಪಾಲಿಗೆ ಬಂತು. ಎಳನೀರು ನಾಲ್ಕು ದಿನ ತಡೆಯುವುದಿಲ್ಲ, ಅದು ತರಕಾರಿಯ ಜಾತಿ, ಶಿಷ್ಯರ ಪ್ರಕಾರ ಮಾಫಿ. ಸಾರಿಗೆ ಹಾಕುವ ಕಾಯಿ ಇನ್ನೊಂದಷ್ಟು ದಿನ ತಡೆದೀತು. ಆದರೆ ನಮ್ಮ ಸೀಮೆಯ ತೆಂಗು ಹೋಗುವುದು ಉಂಡೆ ಕೊಬ್ಬರಿಗೆ. ಬಲಿತ ಕಾಯಿಯನ್ನು ಮಟ್ಟೆಸಮೇತ ಅಟ್ಟಕ್ಕೆ ಏರಿಸಿದರೆ ಎಂಟು ತಿಂಗಳಿಂದ ಒಂದು ವರ್ಷ ಅದನ್ನು ಯಾರೂ ಮಾತಾಡಿಸುವುದಿಲ್ಲ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಚಿಪ್ಪು ಬಿಡಬೇಕು. ಬೇಸಿಗೆ ಮುಗಿಯುವ ಹೊತ್ತಿಗೆ ದಾದಾ ಏಣಿ ಹಾಕಿಸಿಕೊಂಡು ಅಟ್ಟ ಹತ್ತಿ, ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಆಡಿಸುತ್ತಿದ್ದರು. ಚಳಕ್ ಎಂದರೆ ನೀರಿದೆ, ಪಕ್ಕಕ್ಕೆ. ಗಟಗಟ ಎಂದರೆ ಗಿಟುಕು ಬಿಟ್ಟಿದೆ. ಆಗ ಅವರ ಮುಖ ಅರಳುತ್ತಿದ್ದದ್ದು ರೇಟಿನ ಆಸೆಗೆ ಎಂದು ನಾವು ಹುಡುಗರು ತಿಳಿದಿದ್ದೆವು. ಅವರು ಅಟ್ಟದ ಮೇಲಿಂದಲೇ ಕೂಗಿ ಹೇಳುತ್ತಿದ್ದದ್ದು ಬೇರೆ: "ನೋಡಿದ್ರಾ, ವರ್ಷ ತಡೀತು. ಗುರೂದೂ ಗೆಲ್ತು, ಶಿಷ್ಯರದ್ದೂ ಗೆಲ್ತು!" ಅಬೂ ಹನೀಫಾ ಪಾಠದಲ್ಲೂ ಪಾಸು, ಶಿಷ್ಯರ ಪಾಠದಲ್ಲೂ ಪಾಸಾಗುವ ಕಾಯಿ ತಮ್ಮ ತೋಟದ್ದು ಎಂಬುದು ಅವರ ದೊಡ್ಡ ಹೆಮ್ಮೆ.

ಇದರಲ್ಲಿ ದಾದಿಗೂ, ಅಂದರೆ ಅಜ್ಜಿಗೂ, ಒಂದು ಲಾಭ ಇತ್ತು. ಸೌದೆಗೆ ಉಶ್ರ್ ಇಲ್ಲ ಎಂದರೆ ಮಟ್ಟೆ, ಚಿಪ್ಪು, ಒಣಗರಿ, ಎಡಮಟ್ಟೆ ಯಾವುದಕ್ಕೂ ಇಲ್ಲ. ತೆಂಗಿನ ಮರದಲ್ಲಿ ದೇವರ ಲೆಕ್ಕಕ್ಕೆ ಬರುವುದು ಒಂದೇ ಪದಾರ್ಥ. ಮಿಕ್ಕದ್ದೆಲ್ಲ ತನ್ನ ಒಲೆಗೆ. ಧರ್ಮಶಾಸ್ತ್ರದಲ್ಲಿ ದಾದಿ ಪೂರ್ತಿ ಒಪ್ಪಿದ್ದ ಭಾಗ ಇದು.

ಕಾಯಿ ಎಣಿಸುವ ದಿನ ನೋಡಬೇಕಿತ್ತು. ಎಣಿಸುತ್ತಿದ್ದವರು ನಮ್ಮ ತೋಟದ ಆಳು, ದಾದಾನ ಓರಗೆಯವರು, ಕರಿಯಮ್ಮನ ಒಕ್ಕಲು. ನಮ್ಮ ಸೀಮೆಯ ಪದ್ಧತಿಯಂತೆ 'ಒಂದು' ಎನ್ನದೆ 'ಲಾಭ' ಎಂದು ಶುರುಮಾಡುತ್ತಿದ್ದರು. ಲಾಭ, ಎರಡು, ಮೂರು ಎಂದು ಒಂಬತ್ತಕ್ಕೆ ಬಂದ ಮೇಲೆ ಹತ್ತನೆಯ ಕಾಯಿಯನ್ನು ಕೈಯಲ್ಲಿ ಎತ್ತಿ, "ಇದು ನಿಮ್ಮ ದೇವ್ರುದು ಕಣ್ ಸಾಬ್ರೇ" ಎಂದು ಎಡಕ್ಕೆ ಉರುಳಿಸಿ, ಮತ್ತೆ "ಲಾಭ". ದಾದಾ ಅದನ್ನು ತಿದ್ದುತ್ತಿರಲಿಲ್ಲ. ಎಡಗಡೆಯ ಗುಡ್ಡೆಗೆ ಸಣ್ಣ ಕಾಯಿಯೇ ಹೋಗುತ್ತಿದೆಯೇನೋ ಎಂದು ಮಾತ್ರ ಓರೆಗಣ್ಣಲ್ಲಿ ನೋಡುತ್ತಿದ್ದರು. ಹಾಗೆ ಹೋದರೆ ಬಲಗಡೆಯಿಂದ ಒಂದು ದಪ್ಪನೆಯದು ತೆಗೆದು ಬದಲಾಯಿಸುವುದು. ಅಬೂ ಹನೀಫಾರ ಹೆಸರಿನ ಹನಫಿ ಶಾಸ್ತ್ರದಲ್ಲಿ ಜಕಾತ್ ಎಂಬ ಕಡ್ಡಾಯ ದಾನ, ಉಶ್ರ್ ಎರಡೂ ಸಲ್ಲಬೇಕಾದ್ದು ಮುಸಲ್ಮಾನ ಬಡವರಿಗೆ. ಹಾಗೆಂದು ಎಣಿಸಿ ಕೊಟ್ಟ ಮುದುಕನ ಕೈ ಬರಿದಾಗಿ ಹೋಗುತ್ತಿತ್ತೇ? ಅದಕ್ಕೆ ಬೇರೆ ಗುಡ್ಡೆ, ಖೈರಾತಿನದು. ಖೈರಾತಿಗೆ ಜಾತಿ ಇಲ್ಲ, ಹತ್ತು ಇಪ್ಪತ್ತರ ಲೆಕ್ಕವೂ ಇಲ್ಲ. ಎರಡನೆಯ ಗುಡ್ಡೆ ಎಷ್ಟೋ ಸಲ ಮೊದಲನೆಯದಕ್ಕಿಂತ ದೊಡ್ಡದಾಗಿರುತ್ತಿತ್ತು.

ಎಂಬತ್ತರ ದಶಕದಲ್ಲಿ ಬರ ಬಂದು ತೋಟಕ್ಕೆ ಬೋರ್ ಇಳಿಸಿದೆವು. ಶಾಸ್ತ್ರದ ಪ್ರಕಾರ ಆವತ್ತಿನಿಂದ ಉಶ್ರ್ ಅರ್ಧಕ್ಕೆ ಇಳಿಯಬೇಕು. ಇಳಿಯಿತು ಕೂಡ. ಉಳಿದ ಅರ್ಧ ಎಲ್ಲಿಗೆ ಹೋಯಿತು ಎಂದು ಕೇಳಬೇಡಿ. ಮೋಟಾರು ಸುಟ್ಟಾಗ ರೀವೈಂಡಿಂಗ್ ಅಂಗಡಿಯವನು, ನೀರು ನಿಂತಾಗ ಪಾಯಿಂಟ್ ನೋಡಲು ಕೈಯಲ್ಲಿ ಕಾಯಿ ಹಿಡಿದು ಬರುವವನು, ರಿಗ್ ಗಾಡಿಯವನು ಇವರೆಲ್ಲ ಹಂಚಿಕೊಂಡರು. ನೀರಿಗೆ ಖರ್ಚು ಮಾಡಿದವನಿಗೆ ರಿಯಾಯಿತಿ ಕೊಟ್ಟ ಆ ಹಳೆಯ ನಿಯಮದ ಹಿಂದೆ ಬಾವಿಯಿಂದ ನೀರೆಳೆದು ಬೆನ್ನು ನೋಯಿಸಿಕೊಂಡ ಒಬ್ಬ ಒಕ್ಕಲುಮಗ ಇದ್ದೇ ಇರಬೇಕು ಎಂದು ನನಗೆ ಆಗಾಗ ಅನ್ನಿಸುತ್ತದೆ.

ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟಿರುವ ಚಚ್ಚಾನದು, ಅಂದರೆ ಚಿಕ್ಕಪ್ಪನದು, ಬೇರೆ ಸಂಕಟ. ವ್ಯಾಪಾರದ ದಾಸ್ತಾನಿಗೆ ಉಶ್ರ್ ಇಲ್ಲ, ಜಕಾತ್, ನೂರಕ್ಕೆ ಎರಡೂವರೆ. ಕೊಂಡ ಬೆಲೆಗಲ್ಲ, ಲೆಕ್ಕ ಹಾಕುವ ದಿನದ ಬೆಲೆಗೆ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ಇದ್ದಾಗ ಮಾರುಕಟ್ಟೆ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದಿತ್ತು, ಜಕಾತೂ ಬಿತ್ತು. 2025ರಲ್ಲಿ ರೇಟು 25 ಸಾವಿರ ದಾಟಿ ಎಲ್ಲರೂ ಚಚ್ಚಾಗೆ ಮುಬಾರಕ್ ಹೇಳುವವರೇ. ಗೋಡೌನಿನಲ್ಲಿ ಮೂಟೆ ಅಷ್ಟೇ ಇದೆ, ಬಡವರ ಪಾಲು ಎರಡರಷ್ಟನ್ನೂ ದಾಟಿದೆ ಎಂದು ಅವರು ಮುಗುಮ್ಮಾಗಿ ಕ್ಯಾಲ್ಕುಲೇಟರ್ ಒತ್ತುತ್ತಿದ್ದರು.

ಅಳಿಲಿನ ವಿಷಯ ಹೇಳದಿದ್ದರೆ ತೋಟದ ಮಾತು ಪೂರ್ತಿಯಾಗುವುದಿಲ್ಲ. ಎಳೆಗಾಯಿ ಕೊರೆದು ಬೀಳಿಸುವುದರಲ್ಲಿ ನಮ್ಮ ಕಡೆಯ ಅಳಿಲು ಎತ್ತಿದ ಕೈ. ಅಬ್ಬಾ ಕವಣೆ ಹಿಡಿದು ಮರದಿಂದ ಮರಕ್ಕೆ ಓಡುತ್ತಿದ್ದರು. ದಾದಾ ಕೂತಲ್ಲಿಂದಲೇ, "ಬಿಡೋ, ಅದು ತಿಂದದ್ದು ನಮ್ಮ ಖಾತೆಗೆ ಜಮೆ" ಎನ್ನುವರು. ಅವರು ಗಾಳಿಗೆ ಹೇಳಿದ ಮಾತಲ್ಲ ಅದು. ನೆಟ್ಟ ಗಿಡದ ಫಲವನ್ನು ಮನುಷ್ಯ ತಿನ್ನಲಿ, ಹಕ್ಕಿ ತಿನ್ನಲಿ, ಪ್ರಾಣಿ ತಿನ್ನಲಿ, ನೆಟ್ಟವನಿಗೆ ದಾನದ ಪುಣ್ಯ ಎಂಬ ಅರ್ಥದ ಹದೀಸ್, ಅಂದರೆ ಪ್ರವಾದಿವಚನ, ಬುಖಾರಿ, ಮುಸ್ಲಿಮ್ ಎರಡೂ ಸಂಗ್ರಹಗಳಲ್ಲಿದೆ. ಮುಸ್ಲಿಮ್ ಸಂಗ್ರಹದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕಳುವಾದದ್ದೂ ದಾನವೇ ಎಂದಿದೆ. ಒಂದು ರಾತ್ರಿ ಯಾರೋ ಕೆರೆ ಕಡೆಯ ಸಾಲಿನ ಮರಗಳಿಂದ ಕಾಯಿ ಇಳಿಸಿಕೊಂಡು ಹೋದರು. ಬೆಳಿಗ್ಗೆ ಅಬ್ಬಾ ಕುದಿಯುತ್ತಿದ್ದಾರೆ, ದಾದಾ ಶಾಂತವಾಗಿ ಹಲ್ಲುಕಡ್ಡಿ ಅಗಿಯುತ್ತಿದ್ದಾರೆ.

"ದಾನ ಆಯ್ತು, ಸುಮ್ಮನಿರು."

"ಹೀಗೇ ದಾನ ಆಗ್ತಿದ್ರೆ ನಿಮಗೆ ಜನ್ನತ್‌ನಲ್ಲಿ ದೊಡ್ಡ ತೋಟ ಆಗುತ್ತೆ ಅಬ್ಬಾ, ಇಲ್ಲಿ ನಮಗೆ ಬೊಡ್ಡೆ ಉಳಿಯುತ್ತೆ."

ದಾದಾ ಒಂದು ಕ್ಷಣ ಯೋಚಿಸಿ, "ಬೇಲಿ ಹಾಕ್ಬೇಡ ಅಂತ ಯಾವ ಹದೀಸೂ ಹೇಳಿಲ್ಲ" ಎಂದರು. ಆ ವಾರವೇ ಮುಳ್ಳುತಂತಿ ಬಂತು.

ನನಗೆ ಈಗ ಹೊಳೆಯುವುದಿಷ್ಟು: ಮತ ಹಾಕಿಕೊಟ್ಟ ಬುನಾದಿ ಎಂದು ದೊಡ್ಡ ದೊಡ್ಡ ಭಾಷಣಗಳಲ್ಲಿ ಕೇಳುತ್ತೇವಲ್ಲ, ಕಲ್ಮಾ, ನಮಾಜ್, ರೋಜಾ, ಜಕಾತ್, ಹಜ್ ಎಂದು, ಅವು ನಮ್ಮ ಮನೆಗೆ ತತ್ವವಾಗಿ ಬಂದದ್ದು ಕಡಿಮೆ. ಬಂದದ್ದು ಸೇರಿನ ಹಾಗೆ. ಇಷ್ಟು ಹೊತ್ತು, ಇಷ್ಟು ಪಾಲು, ಈ ದಿಕ್ಕು ಎಂದು ಅಳತೆ ಮೊದಲೇ ಗೊತ್ತಾಗಿತ್ತು. ಅದಕ್ಕೆ ಸುರಿಯುವ ಕಾಳು ಮಾತ್ರ ಊರಿನದು.

ಕಾಳಿನ ಮಾತು ಬಂತಲ್ಲ, ಫಿತ್ರಾ ನೋಡಿ. ಈದ್ ನಮಾಜಿಗೆ ಮುಂಚೆ ಮನೆಯಲ್ಲಿ ತಲೆಗೊಂದರಂತೆ ಬಡವರಿಗೆ ಧಾನ್ಯ ಸಲ್ಲಬೇಕು. ಹನಫಿ ಅಳತೆಯಲ್ಲಿ ಗೋಧಿಯಾದರೆ ಅರ್ಧ ಸಾ, ಅಂದರೆ ಸುಮಾರು ಒಂದೂಮುಕ್ಕಾಲು ಕೆ.ಜಿ.; ಖರ್ಜೂರ, ಬಾರ್ಲಿಯಾದರೆ ಅದರ ಎರಡರಷ್ಟು. ಹಬ್ಬದ ಬೆಳಗಿನ ಜಾವಕ್ಕೆ ಮುಂಚೆ ಹುಟ್ಟಿದ ಕೂಸಿಗೂ ಲೆಕ್ಕ ಉಂಟು. ಚಾಂದ್ ರಾತ್ರಿ ದಾದಿ ಬೆರಳು ಮಡಿಸುತ್ತ ತಲೆ ಎಣಿಸಲು ಕೂತರೆ, ಹೆರಿಗೆಗೆ ಬಂದಿರುವ ಮಗಳ ಕಡೆ ಒಮ್ಮೆ ನೋಡಿ, "ಇವತ್ತೋ ನಾಳೆಯೋ ಹೇಳಿಬಿಡು, ಸೇರು ಎತ್ತಿಡ್ತೀನಿ" ಎಂದು ತಮಾಷೆ ಮಾಡುವರು. ಇದೆಲ್ಲ ಸರಿ, ಆದರೆ ನಮ್ಮ ಮನೆಯಲ್ಲಿ ಗೋಧಿ ಎಲ್ಲಿತ್ತು? ರಾಗಿ ತಿನ್ನುವ ಸೀಮೆ. ಗೋಧಿ ಎಂದರೆ ಜ್ವರ ಬಂದವರಿಗೆ ಬ್ರೆಡ್ಡು, ಇಲ್ಲವೇ ಹಬ್ಬಕ್ಕೆ ಶಾವಿಗೆ. ಬೇರೆ ಧಾನ್ಯ ಕೊಡುವುದಾದರೆ ಗೋಧಿಯ ಬೆಲೆಗೆ ಸಮನಾಗಿ ಕೊಡಬೇಕು. ರಾಗಿ ಆಗ ಅಗ್ಗ. ಹಾಗಾಗಿ ಅಷ್ಟೇ ದುಡ್ಡಿಗೆ ಹೆಚ್ಚು ರಾಗಿ ಸುರಿಯಬೇಕಾಗಿ ಬಂದು, ತೆಗೆದುಕೊಂಡವರ ಮನೆಯಲ್ಲಿ ಮುದ್ದೆ ಜೋರಾಗಿಯೇ ಬೀಳುತ್ತಿತ್ತು. ಈಗ ಲೆಕ್ಕ ತಲೆಕೆಳಗು. 2024-25ರಲ್ಲಿ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4,290, ಗೋಧಿಯದು 2,275. ಬೆಲೆ ಹಿಡಿದು ಅಳೆದರೆ ರಾಗಿ ಒಂದು ಸೇರೂ ಆಗುವುದಿಲ್ಲ. ದಾದಿ ಇದ್ದಿದ್ದರೆ ಇದನ್ನು ಒಪ್ಪುತ್ತಿರಲಿಲ್ಲ. ಈಗ ಮಸೀದಿಯಲ್ಲಿ ತಲೆಗೆ ಇಷ್ಟು ರೂಪಾಯಿ ಎಂದು ಬೋರ್ಡಿನ ಮೇಲೆ ಬರೆಯುತ್ತಾರೆ, ಫೋನಿನಲ್ಲೇ ಕಳಿಸಿಬಿಡುತ್ತೇವೆ. ಮಂಗಳೂರಿನ ಕಡೆ ಬ್ಯಾರಿಗಳು ಶಾಫಿ ಪಂಥದವರು. ಅವರಲ್ಲಿ ಊರಿನ ಮುಖ್ಯ ಆಹಾರವನ್ನೇ ಕೊಡಬೇಕು ಎಂದಿರುವುದರಿಂದ ಹಬ್ಬದ ಹಿಂದಿನ ರಾತ್ರಿ ಅಕ್ಕಿ ಅಳೆಯುತ್ತಾರೆ. ಆ ಪಂಥ ಘಟ್ಟ ಹತ್ತಿ ಬಂದಿದ್ದರೆ ನಮ್ಮಲ್ಲೂ ರಾಗಿಯ ಮಾನ ಉಳಿಯುತ್ತಿತ್ತು.

ಉಪವಾಸ ಬಿಡುವಾಗ ಖರ್ಜೂರ, ಅದಿಲ್ಲದಿದ್ದರೆ ನೀರು. ನಾನು ಹುಡುಗನಾಗಿದ್ದಾಗ ಖರ್ಜೂರ ಬರುತ್ತಿದ್ದದ್ದು ಹುಳಿಯಾರಿನ ಅಂಗಡಿಯಿಂದ, ಬೆಲ್ಲದ ಅಚ್ಚಿನಂತೆ ಒಂದಕ್ಕೊಂದು ಅಂಟಿಕೊಂಡು. ಅದನ್ನು ಬಿಡಿಸಿ ಒಬ್ಬೊಬ್ಬರ ಅಂಗೈಗೂ ಇಡುವುದು ದಾದಾನ ಕೆಲಸ. ನನ್ನ ಮೊದಲ ರೋಜಾ 1983ರದು, ಜೂನ್ ತಿಂಗಳು. ಆ ಸಂಜೆ ಖರ್ಜೂರ ನನ್ನವರೆಗೆ ಬರುವಷ್ಟರಲ್ಲಿ ಮುಗಿಯಿತು. ತೋಟದಿಂದ ಬಂದ ಎಳನೀರನ್ನು ಕೈಗಿಟ್ಟರು. ಎಳನೀರು ನೀರೋ ಹಣ್ಣೋ ಎಂದು ನಾನು ಕೇಳಿದೆ, ವಂಶದ ಚಾಳಿ. "ಕುಡಿಯೋ, ಬಾಂಗ್ ಆಯ್ತು" ಎಂದರು. ಖರ್ಜೂರದ ದಾಯಾದಿ ಒಂದು ನಮ್ಮ ಹಳ್ಳದ ದಂಡೆಯಲ್ಲೇ ಬೆಳೆಯುತ್ತದೆ, ಈಚಲು. ಅರಬಸ್ಥಾನದ ಮರ ಇಫ್ತಾರಿಗೆ ಹಣ್ಣು ಕೊಟ್ಟರೆ ನಮ್ಮದು ಹೆಂಡ ಕೊಟ್ಟು ಹರಾಮಿನ ಪಟ್ಟಿ ಸೇರಿತು. ಮರದ್ದೇನು ತಪ್ಪು!

ರಂಜಾನ್ ಒಂದು ಕಡೆ ನಿಲ್ಲುವುದಿಲ್ಲ. ಚಾಂದ್ರ ವರ್ಷಕ್ಕೆ 354 ದಿನ, ಸೂರ್ಯನಿಗಿಂತ ಹನ್ನೊಂದು ದಿನ ಕಡಿಮೆ. ಪಂಚಾಂಗದವರು ಅಧಿಕಮಾಸ ಹಾಕಿ ಯುಗಾದಿಯನ್ನು ಮಾವಿನ ಚಿಗುರಿಗೆ ಕಟ್ಟಿಹಾಕಿದ್ದಾರೆ. ಕುರ್‌ಆನ್ ಹಾಗೆ ತಿಂಗಳು ಹಿಂದೆ ಮುಂದೆ ಮಾಡುವುದನ್ನು ನಿಷೇಧಿಸಿತು. ಹಾಗಾಗಿ ಮೂವತ್ತಮೂರು ವರ್ಷ ಬದುಕಿದವನು ಬಿಸಿಲು, ಮಳೆ, ಅವರೆಕಾಯಿ ಕಾಲ, ಸುಗ್ಗಿ ಎಲ್ಲದರಲ್ಲೂ ಒಮ್ಮೆ ಹಸಿದಿರುತ್ತಾನೆ. 1983ರಲ್ಲಿ ಜೂನ್‌ನಲ್ಲಿ ಹಿಡಿದದ್ದನ್ನು ನಾನು 2016ರಲ್ಲಿ ಮತ್ತೆ ಜೂನ್‌ನಲ್ಲಿ ಹಿಡಿದೆ. ಹೊಟ್ಟೆಗೆ ಆ ವ್ಯತ್ಯಾಸ ಗೊತ್ತಾಯಿತು, ಮಂಡಿಗೆ ಇನ್ನೂ ಚೆನ್ನಾಗಿ ಗೊತ್ತಾಯಿತು.

ದಿಕ್ಕಿನ ಮಾತು ಸ್ವಲ್ಪ. ನಮಾಜಿಗೆ ಪಡುವಣಕ್ಕೆ ನಿಲ್ಲುತ್ತೇವೆ ಎಂದು ಎಲ್ಲರೂ ಅಂದುಕೊಂಡಿದ್ದಾರೆ. ನಮ್ಮ ತುಮಕೂರು ಸೀಮೆಯಿಂದ ಮೆಕ್ಕಾ ಇರುವುದು ಪಡುವಣದಿಂದ ಸುಮಾರು 18 ಡಿಗ್ರಿ ಬಡಗಣಕ್ಕೆ. ಮೇ ಎರಡನೆಯ ವಾರದ ಹೊತ್ತಿಗೆ ಸೂರ್ಯ ಮುಳುಗುವುದು ಹೆಚ್ಚುಕಡಿಮೆ ಆ ದಿಕ್ಕಿಗೇ. ಇನ್ನೂ ಕರಾರುವಾಕ್ಕಾಗಿ ಬೇಕೆಂದರೆ ಮೇ 28ರ ಆಸುಪಾಸು ಮಧ್ಯಾಹ್ನ 2 ಗಂಟೆ 48 ನಿಮಿಷಕ್ಕೆ ಸೂರ್ಯ ಸರಿಯಾಗಿ ಕಾಬಾದ ನೆತ್ತಿಯ ಮೇಲಿರುತ್ತಾನೆ. ಆಗ ನೆಟ್ಟಗೆ ನಿಂತ ಯಾವುದರ ನೆರಳಾದರೂ ಮೆಕ್ಕಾಕ್ಕೆ ಬೆನ್ನು ಹಾಕಿರುತ್ತದೆ. ಇದನ್ನು ಮಸೀದಿಯ ಹಜರತ್‌ರಿಂದ ಕೇಳಿದ ದಾದಾ, ಗಡಿಯಾರ ಹಿಡಿದು ತೋಟಕ್ಕೆ ಹೊರಟರು. ಕಷ್ಟವಾದದ್ದು ಒಂದೇ: ಇಡೀ ತೋಟದಲ್ಲಿ ನೆಟ್ಟಗಿರುವ ಒಂದು ತೆಂಗಿನ ಮರ ಹುಡುಕುವುದು.

ಈ ದಿಕ್ಕು ನಮಾಜಿನ ಚಾಪೆಯಲ್ಲಿ ಮುಗಿಯುವುದಿಲ್ಲ, ಮನೆಯ ಒಳಗೆಲ್ಲ ಓಡಾಡುತ್ತದೆ. ಮಂಚದ ಕಾಲುಕಡೆ ಪಡುವಣಕ್ಕೆ ಬರುವಂತಿಲ್ಲ. ಕಕ್ಕಸಿನಲ್ಲಿ ಕೂತವನ ಮುಖವಾಗಲಿ ಬೆನ್ನಾಗಲಿ ಕಿಬ್ಲಾಕ್ಕೆ, ಅಂದರೆ ಮೆಕ್ಕಾದ ದಿಕ್ಕಿಗೆ, ಇರುವಂತಿಲ್ಲ. ನಮ್ಮೂರ ಗಾರೆ ಮೇಸ್ತ್ರಿ ಲಿಂಗಾಯತರು. ಸಾಬರ ಮನೆ ಎಂದರೆ ಅವರೇ ಮುಂದಾಗಿ ಬೇಸಿನ್ನನ್ನು ತೆಂಕಣ ಬಡಗಣಕ್ಕೆ ಗೆರೆ ಹಾಕುತ್ತಿದ್ದರು. ನೆರೆಮನೆಯ ಗೌಡರಿಗೆ ಬಡಗಣಕ್ಕೆ ತಲೆ ಹಾಕಿ ಮಲಗಬಾರದು ಎಂಬ ಶಾಸ್ತ್ರ. ಜಾತ್ರೆಗೆ ನಂಟರು ಜಾಸ್ತಿಯಾಗಿ ಅವರ ಮನೆಯವರು ನಮ್ಮ ಪಡಸಾಲೆಗೆ ಮಲಗಲು ಬಂದರೆ, ಅವರ ತಲೆಯ ನಿಯಮ, ನಮ್ಮ ಕಾಲಿನ ನಿಯಮ ಎರಡಕ್ಕೂ ಒಗ್ಗುವ ಹಾಗೆ ಚಾಪೆ ಹಾಸುವುದು ಒಂದು ಗಣಿತವೇ. ತೆಂಕಣಕ್ಕೆ ತಲೆ ಹಾಕಿದರೆ ಯಾರಿಗೂ ತಕರಾರಿಲ್ಲ ಎಂದು ದಾದಿ ಯಾವತ್ತೋ ಬಿಡಿಸಿಟ್ಟಿದ್ದರು.

ಇಂಥ ಒಪ್ಪಂದಗಳು ಯಾವ ಕಿತಾಬಿನಲ್ಲೂ ಇಲ್ಲ. ಕೆಲವನ್ನು ಕಿತಾಬು ಒಪ್ಪುವುದೂ ಇಲ್ಲ. ಚಿಕ್ಕನಾಯಕನಹಳ್ಳಿಯ ತಾತಯ್ಯನ ಗೋರಿಗೆ ಹೋದರೆ ಊದು, ಸಕ್ಕರೆ ಜೊತೆ ತೆಂಗಿನಕಾಯಿಯೂ ಇರಲೇಬೇಕು. ಹಿಂದೂಗಳು, ಮುಸಲ್ಮಾನರು ಇಬ್ಬರೂ ಹಿಡಿದು ನಿಂತಿರುತ್ತಾರೆ. ಮೊಹರಂ ನಮ್ಮ ಸೀಮೆಯಲ್ಲಿ ಬಾಬಯ್ಯನ ಹಬ್ಬ. 680ರಲ್ಲಿ ಕರ್ಬಲಾದ ಮರಳಿನಲ್ಲಿ ಹುಸೇನರು ಬಾಯಾರಿ ಸತ್ತದ್ದಕ್ಕೆ ಎಷ್ಟೋ ಊರುಗಳಲ್ಲಿ ಪಂಜಾ ಹೊತ್ತು ಅಳುವವರು ಒಕ್ಕಲಿಗರು, ನಾಯಕರು, ಕುರುಬರು. ರಹಮತ್ ತರೀಕೆರೆಯವರು ಕರ್ನಾಟಕದ ಮೊಹರಂ ಬಗ್ಗೆ ಒಂದು ಪುಸ್ತಕವನ್ನೇ ಬರೆದಿದ್ದಾರೆ. ದಾದಾಗೆ ಇದು ಹಿಡಿಸುತ್ತಿರಲಿಲ್ಲ. ಬೆಂಕಿ ಹಾಯುವುದು, ಹರಕೆ ಹೊರುವುದು ದೀನ್‌ನಲ್ಲಿ ಇಲ್ಲ ಎನ್ನುವರು. ದಾದಿ ವಾದಕ್ಕೆ ನಿಲ್ಲದೆ, ಸೆರಗಿನ ಮರೆಯಲ್ಲಿ ಸಕ್ಕರೆ ಪೊಟ್ಟಣ ಕಳಿಸಿ ಓದಿಸಿಕೊಂಡು ತರಿಸುವರು. ನನಗೆ ಇವತ್ತಿಗೂ ದಾದಾನ ವಾದ ಸರಿ ಎನ್ನಿಸುತ್ತದೆ. ದಾದಿಯ ಸಕ್ಕರೆ ರುಚಿ ಎನ್ನಿಸುತ್ತದೆ. ಎರಡನ್ನೂ ಇಟ್ಟುಕೊಂಡಿದ್ದೇನೆ. ಹೊಸ ಹುಡುಗರು ಒಂದನ್ನು ಬಿಡಿ ಎನ್ನುತ್ತಾರೆ. ಅವರು ಓದಿದವರು, ಅವರ ಬಳಿ ಕಿತಾಬಿದೆ. ನನ್ನ ಬಳಿ ಸಕ್ಕರೆ ಇದೆ.

ಶಿರಾ ನಮಗೆ ದೂರವೇನಲ್ಲ. 1687ರಿಂದ 1757ರವರೆಗೆ ಮೊಗಲರ ಸುಬಾದ ಕೇಂದ್ರವಾಗಿದ್ದ ಊರು. 1696ರ ಜುಮ್ಮಾ ಮಸೀದಿ, ಅದಕ್ಕೂ ಹಿಂದಿನ ಬಿಜಾಪುರದ ಸುಭೇದಾರ ಮಲಿಕ್ ರಿಹಾನ್‌ನ ಗೋರಿ ಈಗಲೂ ಇವೆ. ಅಲ್ಲಿಗೆ ಹೋದಾಗ ದಾದಾ ಆ ಕಡೆದ ಕಲ್ಲು ಮುಟ್ಟಿ ನೋಡಿ, "ಇದನ್ನ ಕಟ್ಟಿಸಿದೋರು ಹೋದ್ರು, ದಿಲ್ಲೀನೂ ಹೋಯ್ತು. ಬಿಟ್ಟ ಮರ ಇದ್ದಿದ್ರೆ ಇನ್ನೂ ಕಾಯಿ ಬಿಡ್ತಿತ್ತು" ಎಂದಿದ್ದರು. ಅವರಿಗೆ ಆಸ್ತಿ ಎಂದರೆ ಮರ. ನಮ್ಮ ತೋಟದಲ್ಲಿ ಬಾವಿಯ ಪಕ್ಕದ ಜೋಡಿ ಮರ ಮಸೀದಿಗೆ ಬಿಟ್ಟದ್ದು. ಅದರ ಪಕ್ಕದ ತೋಟದಲ್ಲಿ ದೇವಸ್ಥಾನಕ್ಕೆ ಬಿಟ್ಟ ಮರ ಇದೆ. ಪ್ರವಾದಿಯವರ ಸಂಗಾತಿ ಉಮರ್ ಅವರಿಗೆ ಖೈಬರಿನಲ್ಲಿ ಒಳ್ಳೆಯ ಜಮೀನು ಬಂದಾಗ, ಮೂಲ ಇಟ್ಟುಕೊಂಡು ಫಲ ಕೊಡು ಎಂಬ ಸಲಹೆ ಸಿಕ್ಕಿತಂತೆ. ಮಾರುವಂತಿಲ್ಲ, ದಾಯಾದಿಗಳು ಭಾಗ ಕೇಳುವಂತಿಲ್ಲ. ವಕ್ಫ್ ಬೆಳೆದದ್ದು ಆ ಬೇರಿನಿಂದ. ಈಗೀಗ ಆ ಹೆಸರು ಟಿ.ವಿ.ಯಲ್ಲಿ ಬಂದರೆ ಕೂಗಾಟವೇ ಕೂಗಾಟ. 2025ರಲ್ಲಿ ಕಾನೂನೂ ತಿದ್ದುಪಡಿಯಾಯಿತು. ನಮ್ಮ ಜೋಡಿ ಮರಕ್ಕೆ ಕಾಗದ ಪತ್ರ ಏನೂ ಇಲ್ಲ. ಕಾಯಿ ಇಳಿಸುವವನಿಗೆ ಗೊತ್ತಿದೆ. ದೋಟಿ ಹಾಕುವ ಮುಂಚೆ, "ಇವು ಮಸೀದಿವಲ್ಲಾ?" ಎಂದು ಒಂದು ಸಲ ಕೇಳಿ ಬೇರೆ ಗುಡ್ಡೆ ಹಾಕುತ್ತಾನೆ. ಪಾಲಾದಾಗ ತೋಟವನ್ನು ಅಂಗುಲ ಅಂಗುಲ ಅಳೆದು ಜಗಳವಾಡಿದ ನನ್ನ ಚಚ್ಚಾಂದಿರು ಆ ಎರಡನ್ನು ಮಾತ್ರ ಯಾರ ಪಾಲಿಗೂ ಬರೆಸಲಿಲ್ಲ.

ಚಂದ್ರನ ವಿಷಯದಲ್ಲಿ ಈಚೆಗೆ ಒಂದು ಸೊಗಸು ನಡೆಯಿತು. 2023ರಲ್ಲಿ ಯುಗಾದಿ ಮಾರ್ಚ್ 22ಕ್ಕೆ. ಮಾರನೆಯ ಸಂಜೆ ವರ್ಷತೊಡಕಿನ ಬಾಡೂಟ ಮುಗಿಸಿ ಯುಗಾದಿ ಚಂದ್ರನನ್ನು ನೋಡಲು ಕೆರೆ ಏರಿಗೆ ಬಂದವರ ಮಧ್ಯೆ ರಂಜಾನ್ ಚಂದ್ರ ನೋಡಲು ಬಂದ ನಾವು. ಪಡುವಣದಲ್ಲಿ ಕಂಡದ್ದು ಒಂದೇ ಎಳೆ. ಅವರು ಹಿರಿಯರ ಕಾಲು ಮುಟ್ಟಿದರು, ನಾವು ಹಿರಿಯರಿಗೆ ಸಲಾಂ ಹೇಳಿದೆವು. ನಾಳೆಯಿಂದ ಅವರಿಗೆ ಹೊಸ ವರ್ಷದ ಕೆಲಸ, ನಮಗೆ ಉಪವಾಸ. 2024ರಲ್ಲೂ 2025ರಲ್ಲೂ ಹೀಗೇ ಆಯಿತು, ಆದರೆ ಅಷ್ಟರಲ್ಲಿ ರಂಜಾನ್ ಹಿಂದಕ್ಕೆ ಸರಿದು ಯುಗಾದಿಯ ಚಂದ್ರ ನಮಗೆ ಈದಿನ ಚಂದ್ರನಾಗಿತ್ತು.

2023ರ ಆ ಸಂಜೆ ಏರಿಯ ಮೇಲೆ ಪಕ್ಕದ ತೋಟದ ಗೌಡರು ಕೇಳಿದರು: "ಅಲ್ಲಾ ಸಾಬ್ರೇ, ನಿಮ್ಮ ಹಬ್ಬ ಹಿಂಗೇ ಹಿಂದಕ್ಕೆ ಹಿಂದಕ್ಕೆ ಹೋಗ್ತಾ ಇದ್ರೆ, ಒಂದೊಂದು ವರ್ಷ ಎರಡು ಸಲ ಬಂದ್‌ಬಿಡಲ್ವಾ?"

ಬರುತ್ತೆ ಎಂದೆ. 2000ದಲ್ಲಿ ಜನವರಿಯಲ್ಲೊಂದು ಈದ್, ಡಿಸೆಂಬರಿನಲ್ಲೊಂದು ಈದ್ ಬಂದಿತ್ತು. ಇನ್ನು ಹಾಗೆ ಬರುವುದು 2033ಕ್ಕೆ.

ಗೌಡರು ಬೆರಳಲ್ಲಿ ಏನೋ ಎಣಿಸಿದರು. "ಎರಡು ಹಬ್ಬ ಅಂದ್ರೆ ಎರಡು ಸಲ ಶಾವಿಗೆ ಪಾಯಸ. ಅದಕ್ಕೆ ಕೊಬ್ಬರಿ ಹೆರೆದು ಹಾಕ್ತೀರಲ್ಲ, ಆ ವರ್ಷದ್ದು ನಮ್ಮನೇದೇ ತಗೊಳ್ಳಿ. ರೇಟು ಮಾತ್ರ ಈಗಲೇ ಮಾತಾಡ್‌ಬಿಡಾನ."

ತಿಪಟೂರಿನ ಹರಾಜು ನೋಡದೆ ರೇಟು ಮಾತಾಡಲು ನಾನೇನು ಹುಚ್ಚನೇ? ನೋಡೋಣ ಬಿಡಿ ಗೌಡ್ರೇ ಎಂದೆ.